ದಣಿವು, ಸುಸ್ತು ಮತ್ತು ಅರ್ಧಶಕ್ತಿ: ನಿತ್ಯಜೀವನದಲ್ಲಿ ಬಲದ ಆಯವ್ಯಯ

1

ಹೈದರಾಬಾದಿನ ಮೆಹದಿಪಟ್ಟಣಂ ಬಡಾವಣೆಯು ಮೆಹದಿ ನವಾಜ್ ಜಂಗ್ ಅವರ ಹೆಸರನ್ನು ಹೊತ್ತಿದೆ. ಹೈದರಾಬಾದ್ ಸಂಸ್ಥಾನದ ಆಡಳಿತದಲ್ಲಿ ಉನ್ನತ ಸ್ಥಾನಗಳಲ್ಲಿದ್ದು, 1960ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದವರು ಅವರು. ಇಂದು ಈ ಬಡಾವಣೆ ಒಂದು ದೊಡ್ಡ ಸಂಚಾರಕೇಂದ್ರ. ಚೇವೆಳ್ಳ, ಪರಿಗಿ, ವಿಕಾರಾಬಾದ್, ತಾಂಡೂರುಗಳ ಕಡೆಗೆ ಹೋಗುವ ಬಸ್ಸುಗಳು ಇಲ್ಲಿಂದ ಹೊರಡುತ್ತವೆ. 2009ರಲ್ಲಿ ತೆರೆದ, ಸುಮಾರು 11.6 ಕಿಲೋಮೀಟರ್ ಉದ್ದದ ಪಿ.ವಿ. ನರಸಿಂಹರಾವ್ ಹೆಸರಿನ ಮೇಲುರಸ್ತೆ ಇಲ್ಲಿಂದಲೇ ಆರಾಮಘರ್‌ನ ಕಡೆಗೆ ಸಾಗುತ್ತದೆ. ಸಂಜೆಯ ಹೊತ್ತಿನಲ್ಲಿ ಇಲ್ಲಿಯ ಬಸ್ ನಿಲ್ದಾಣದಲ್ಲಿ ನಿಂತವರ ಮುಖಗಳಲ್ಲಿ ಕಾಣುವುದು ಒಂದೇ ಭಾವ. ಅದು ದಣಿವು.

ಆ ದಣಿವನ್ನು ಹೇಳಲು ಅಲ್ಲಿ ಹಲವು ಭಾಷೆಗಳಿವೆ. ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು 1956ರ ರಾಜ್ಯಪುನರ್ವಿಂಗಡಣೆಯವರೆಗೆ ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. ಆದ್ದರಿಂದ ಆ ಕಡೆಯ ಬಸ್ಸಿಗೆ ಕಾಯುವವರ ನಡುವೆ ಕನ್ನಡದ ಮಾತು ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಕಲಬುರಗಿಯ ಕಡೆಯ ಹೆಣ್ಣುಮಗಳೊಬ್ಬಳು “ಭಾಳ ಸುಸ್ತ್ ಆಗ್ಯಾದ” ಎಂದರೆ, ಅವಳ ಅರ್ಥ ತನ್ನ ಮೈಯಲ್ಲಿ ತ್ರಾಣ ಉಳಿದಿಲ್ಲ ಎಂದು. ‘ಸುಸ್ತು’ ಎಂಬುದು ಪಾರಸಿಯಿಂದ ಬಂದ ಪದ. ಮೂಲದಲ್ಲಿ ಅದಕ್ಕೆ ಸಡಿಲವಾದ, ಬಿಗುವಿಲ್ಲದ ಎಂಬ ಅರ್ಥ. ಆದರೆ ಅದೇ ಪದ ಉರ್ದುವಿನಲ್ಲಿ ಬಹುಮಟ್ಟಿಗೆ ಸೋಮಾರಿ, ಮಂದಗತಿಯವನು ಎಂಬ ಅರ್ಥದಲ್ಲಿ ರೂಢವಾಗಿದೆ. ಹಾಗಾಗಿ ಅವಳ ಪಕ್ಕದಲ್ಲಿ ನಿಂತ ಉರ್ದುಭಾಷಿಕನ ಕಿವಿಗೆ ಆಕೆಯ ಮಾತು ಆಲಸ್ಯದ ಒಪ್ಪಿಗೆಯಂತೆ ಕೇಳಿಸೀತು. ಇನ್ನೊಂದು ಕಡೆ, ತೆಲುಗಿನವರು ದಣಿವಿಗೆ ‘ಅಲಸಟ’ ಎಂದಾಗ ಕನ್ನಡಿಗನ ಕಿವಿಯಲ್ಲಿ ‘ಆಲಸ್ಯ’ ಧ್ವನಿಸುತ್ತದೆ. ಒಂದೇ ನಿಲ್ದಾಣದಲ್ಲಿ ಮೂರು ಭಾಷೆಯ ಜನ ದಣಿದಿದ್ದಾರೆ. ಒಬ್ಬರ ದಣಿವು ಮತ್ತೊಬ್ಬರಿಗೆ ಸೋಮಾರಿತನವಾಗಿ ಕೇಳಿಸುತ್ತದೆ.

ಇದು ಕೇವಲ ಪದಕೋಶದ ವಿನೋದವಲ್ಲ. ದಣಿವನ್ನು ದೋಷವೆಂದು ಎಣಿಸುವ ಈ ಗೊಂದಲ ಒಂದೇ ಭಾಷೆಯ ಒಳಗೂ, ಒಂದೇ ಮನೆಯ ಒಳಗೂ, ಕಡೆಗೆ ಒಬ್ಬನೇ ವ್ಯಕ್ತಿಯ ಮನಸ್ಸಿನೊಳಗೂ ಇದೆ. ದಣಿದವನು ತನ್ನನ್ನು ತಾನೇ ಸೋಮಾರಿಯೆಂದು ಹಳಿದುಕೊಂಡು ಇನ್ನಷ್ಟು ದುಡಿಯುತ್ತಾನೆ, ಇನ್ನಷ್ಟು ದಣಿಯುತ್ತಾನೆ. ನಿತ್ಯದ ಬದುಕಿನಲ್ಲಿ ಮೈಮನಗಳ ಬಲವನ್ನು ಹೇಗೆ ಬಳಸಬೇಕು, ಹೇಗೆ ಉಳಿಸಬೇಕು ಎಂಬ ವಿಚಾರವನ್ನು ಈ ಗೊಂದಲವನ್ನು ಬಿಡಿಸುವುದರಿಂದಲೇ ಆರಂಭಿಸಬೇಕಾಗುತ್ತದೆ.

ಕನ್ನಡದ ಹಳೆಯ ಪದಗಳು ಈ ವಿಷಯದಲ್ಲಿ ಹೆಚ್ಚು ಉದಾರವಾಗಿವೆ. ಹಳಗನ್ನಡದ ‘ಬಳಲ್’ ಎಂಬ ಧಾತುವಿಗೆ ಸಡಿಲವಾಗು, ಜೋಲು ಎಂಬ ಅರ್ಥವೂ ಉಂಟು. ಸಡಿಲಗೊಂಡ ತುರುಬಿಗೆ ‘ಬಳಲ್ಮುಡಿ’ ಎಂಬ ಮಾತಿದೆ. ಬಳಲಿದವನು ತಪ್ಪಿತಸ್ಥನಲ್ಲ, ಕಟ್ಟು ಸಡಿಲಗೊಂಡವನು. ಸಡಿಲಗೊಂಡದ್ದನ್ನು ಮತ್ತೆ ಕಟ್ಟಬಹುದು. ಹಾಗೆಯೇ ‘ದಣಿವಾರಿಸಿಕೊಳ್ಳುವುದು’ ಎಂಬ ಮಾತಿನಲ್ಲಿ ‘ಆರು’ ಎಂಬ ಕ್ರಿಯಾಪದ ಅಡಗಿದೆ. ಬಿಸಿಹಾಲು ಆರುತ್ತದೆ, ಒದ್ದೆಬಟ್ಟೆ ಆರುತ್ತದೆ, ದಣಿವೂ ಆರುತ್ತದೆ. ಇವುಗಳಲ್ಲಿ ಯಾವುದನ್ನೂ ಬೈದು ಆರಿಸಲಾಗದು. ಕಾಲಾವಕಾಶವನ್ನು ಕೊಟ್ಟೇ ಆರಿಸಬೇಕು.

2

ಬಲದ ಆಯವ್ಯಯವನ್ನು ಕುರಿತು ಚರ್ಚಿಸುವಾಗ ಎರಡು ಬೇರೆ ಬೇರೆ ಲೆಕ್ಕಗಳನ್ನು ಪ್ರತ್ಯೇಕಿಸಿ ನೋಡುವುದು ಅವಶ್ಯಕ. ಒಂದು, ದೇಹಕ್ಕೆ ಆಹಾರದಿಂದ ದೊರೆಯುವ ಇಂಧನದ ಲೆಕ್ಕ. ಇನ್ನೊಂದು, ಮನುಷ್ಯನು ‘ಕಸುವು’, ‘ತ್ರಾಣ’, ‘ಹುರುಪು’ ಎಂದು ಅನುಭವಿಸುವ ಬಲದ ಲೆಕ್ಕ.

ಮೊದಲನೆಯದನ್ನು ಅಳೆಯುವ ಕಾರ್ಯದಲ್ಲಿ ಹೈದರಾಬಾದ್ ನಗರಕ್ಕೆ ವಿಶೇಷ ಸ್ಥಾನವಿದೆ. ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾದ 1918ರಲ್ಲಿಯೇ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರು ಬೆರಿಬೆರಿ ರೋಗದ ಶೋಧನೆಗಾಗಿ ಒಂದು ಕೊಠಡಿಯ ಪ್ರಯೋಗಾಲಯವನ್ನು ತೆರೆದರು. ಅದು ಬೆಳೆದು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಎಂಬ ಹೆಸರನ್ನು ಪಡೆಯಿತು. ವಿಶ್ವವಿದ್ಯಾಲಯದ ನೆರೆಯ ತಾರ್ನಾಕದಲ್ಲಿರುವ ಈ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕುಳಿತು ಕೆಲಸ ಮಾಡುವ 65 ಕಿಲೋ ತೂಕದ ಪುರುಷನಿಗೆ ದಿನಕ್ಕೆ ಸುಮಾರು 2110 ಕಿಲೋಕ್ಯಾಲೊರಿ, ಮಧ್ಯಮ ಶ್ರಮದವನಿಗೆ 2710, ಕಠಿಣ ಶ್ರಮದವನಿಗೆ 3470 ಬೇಕು. 55 ಕಿಲೋ ತೂಕದ ಮಹಿಳೆಗೆ ಈ ಅಂಕಿಗಳು ಅನುಕ್ರಮವಾಗಿ 1660, 2130 ಮತ್ತು 2720.

ಈ ಅಂಕಿಗಳಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಕುಳಿತು ಕೆಲಸ ಮಾಡುವವನ ವೆಚ್ಚದ ಬಹುಭಾಗ ಆತನ ಕೆಲಸಕ್ಕೆ ಸಲ್ಲುವುದಿಲ್ಲ. ಉಸಿರಾಟ, ಹೃದಯದ ಬಡಿತ, ಮೈಯ ಶಾಖ ಮೊದಲಾದ ಮೂಲಭೂತ ವ್ಯಾಪಾರಗಳಿಗೇ ಸಲ್ಲುತ್ತದೆ. ದೇಹದ ತೂಕದಲ್ಲಿ ಸುಮಾರು ಶೇಕಡ 2ರಷ್ಟಿರುವ ಮಿದುಳು ವಿಶ್ರಾಂತಿಯ ಸ್ಥಿತಿಯ ಇಂಧನದಲ್ಲಿ ಸುಮಾರು ಶೇಕಡ 20ರಷ್ಟನ್ನು ಬಳಸುತ್ತದೆ. ಗಾಢವಾಗಿ ಯೋಚಿಸುವಾಗ ಈ ಪ್ರಮಾಣ ಅಲ್ಪಸ್ವಲ್ಪ ಮಾತ್ರ ಏರುತ್ತದೆ. ಹಾಗಿದ್ದರೆ ಇಡೀ ದಿನ ಮೇಜಿನ ಮುಂದೆ ಕುಳಿತ ಗುಮಾಸ್ತ, ಗಣಕಯಂತ್ರದ ಮುಂದೆ ಕುಳಿತ ಯುವಕ, ಉತ್ತರಪತ್ರಿಕೆಗಳನ್ನು ತಿದ್ದುವ ಅಧ್ಯಾಪಕಿ ಸಂಜೆಗೆ ಕೂಲಿಯವನಷ್ಟೇ ದಣಿಯುವುದೇಕೆ? ಇಂಧನ ತೀರಿಹೋದದ್ದರಿಂದಲ್ಲ. ಒಂದೇ ಕಡೆ ಗಮನವನ್ನು ಹಿಡಿದಿಡುವುದು, ಮತ್ತೆ ಮತ್ತೆ ತೀರ್ಮಾನಿಸುವುದು, ಕೋಪವನ್ನು ನುಂಗಿಕೊಳ್ಳುವುದು, ಗದ್ದಲದ ನಡುವೆ ಪ್ರಯಾಣ ಮಾಡುವುದು — ಇವು ಎರಡನೆಯ ಲೆಕ್ಕದ ಖರ್ಚುಗಳು. ಅನ್ನದಿಂದ ತುಂಬುವ ಖಾತೆ ಬೇರೆ, ನಿದ್ರೆ, ವಿರಾಮ, ನೆಮ್ಮದಿಗಳಿಂದ ತುಂಬುವ ಖಾತೆ ಬೇರೆ. ಎರಡನೆಯ ಖಾತೆ ಬರಿದಾದಾಗ ಸಿಹಿ ತಿಂದು, ಚಹಾ ಕುಡಿದು ಮೊದಲನೆಯ ಖಾತೆಗೆ ಜಮಾ ಮಾಡುವುದು ದಿನನಿತ್ಯ ನಡೆಯುವ ತಪ್ಪು. ಇದರಿಂದ ತೂಕ ಹೆಚ್ಚಬಹುದು. ದಣಿವು ಮಾತ್ರ ಇದ್ದಲ್ಲೇ ಇರುತ್ತದೆ.

3

ಬಲವನ್ನು ಬಳಸುವ ಕ್ರಮವನ್ನು ಕುರಿತ ಚಿಂತನೆ ಈ ಪ್ರದೇಶಕ್ಕೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಉಗ್ರಾದಿತ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿದನು. ಸುಮಾರು 1025ರಲ್ಲಿ ಚಾಲುಕ್ಯರ ಆಶ್ರಯದಲ್ಲಿ ಚಾವುಂಡರಾಯನು ನಿತ್ಯಜೀವನಕ್ಕೆ ಬೇಕಾದ ತಿಳಿವಳಿಕೆಯನ್ನೆಲ್ಲ ‘ಲೋಕೋಪಕಾರ’ವೆಂಬ ಕನ್ನಡ ಕೃತಿಯಲ್ಲಿ ಒಟ್ಟುಗೂಡಿಸಿದನು, ವೈದ್ಯ, ಪಾಕ, ಜಲಶೋಧನೆ ಎಲ್ಲವೂ ಅದರಲ್ಲಿವೆ. ಇಂಥ ಕೃತಿಗಳ ಹಿಂದೆ ಆಯುರ್ವೇದದ ವಿಶಾಲವಾದ ಪರಂಪರೆ ಇದೆ.

ಆ ಪರಂಪರೆಯ ವಾಗ್ಭಟನು ‘ಅಷ್ಟಾಂಗಹೃದಯ’ದಲ್ಲಿ ದಿನಚರಿಯನ್ನು ವಿವರಿಸುತ್ತ ವ್ಯಾಯಾಮಕ್ಕೆ ಒಂದು ಮಿತಿಯನ್ನು ಹೇಳಿದ್ದಾನೆ. ಬಲವುಳ್ಳವರು, ಜಿಡ್ಡಿನ ಆಹಾರ ಉಣ್ಣುವವರು ಕೂಡ ಚಳಿಗಾಲ ಮತ್ತು ವಸಂತಗಳಲ್ಲಿ ತಮ್ಮ ಶಕ್ತಿಯ ಅರ್ಧದಷ್ಟನ್ನು ಮಾತ್ರ ವ್ಯಾಯಾಮಕ್ಕೆ ಬಳಸಬೇಕು. ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ ಎಂಬುದು ಅದರ ಸಾರ. ಅರ್ಧಶಕ್ತಿ ಮುಗಿಯಿತೆಂದು ತಿಳಿಯುವ ಬಗೆಯನ್ನೂ ವೈದ್ಯಗ್ರಂಥಗಳು ಸೂಚಿಸುತ್ತವೆ: ಹಣೆ, ಮೂಗು, ಕಂಕುಳುಗಳಲ್ಲಿ ಬೆವರೊಡೆಯುವುದು, ಬಾಯಿ ಒಣಗುವುದು, ಬಾಯಿಯಿಂದ ಉಸಿರಾಡುವಂತಾಗುವುದು. ತಡೆಯಬಾರದ ದೇಹದ ವೇಗಗಳ ಪಟ್ಟಿಯಲ್ಲಿ ಹಸಿವು, ಬಾಯಾರಿಕೆ, ನಿದ್ರೆಗಳ ಜೊತೆಗೆ ಶ್ರಮದ ಅನಂತರ ಬರುವ ಏದುಸಿರನ್ನೂ ಸೇರಿಸಿರುವುದು ಅತ್ಯಂತ ಸೂಕ್ಷ್ಮವಾದ ಅವಲೋಕನ. ದಣಿವಿನ ಉಸಿರನ್ನು ಅಡಗಿಸಿ, ದಣಿದಿಲ್ಲವೆಂಬಂತೆ ನಟಿಸುವುದು ಆ ಶಾಸ್ತ್ರದ ದೃಷ್ಟಿಯಲ್ಲಿ ರೋಗಕ್ಕೆ ದಾರಿ.

ಅರ್ಧಶಕ್ತಿಯ ಈ ನಿಯಮ ಅತಿಯಾದ ಎಚ್ಚರವೆಂದು ತೋರಬಹುದು. ಆದರೆ ಇಟಲಿಯ ಶರೀರವಿಜ್ಞಾನಿ ಆಂಜೆಲೊ ಮೊಸ್ಸೊ ದಣಿವನ್ನೇ ವಸ್ತುವಾಗಿಸಿಕೊಂಡು 1891ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಹೊಂದುವ ಪ್ರಯೋಗವೊಂದು ದೊರೆಯುತ್ತದೆ. ಬೆರಳಿಗೆ ತೂಕ ಕಟ್ಟಿ ಎತ್ತಿಸುವ ಯಂತ್ರವನ್ನು ಮೊಸ್ಸೊ ರೂಪಿಸಿದ್ದರು. ಅದನ್ನು ಬಳಸಿದ ಅವರ ಸಹೋದ್ಯೋಗಿ ಮಜೋರಾ ಅವರಿಗೆ ಕಂಡದ್ದು ಇಷ್ಟು: ಸಂಪೂರ್ಣ ಸೋಲುವವರೆಗೆ ಸುಮಾರು 30 ಬಾರಿ ತೂಕ ಎತ್ತಿದ ಬೆರಳು ಮೊದಲಿನಂತಾಗಲು ಎರಡು ಗಂಟೆ ಬೇಕು, ಆದರೆ 15 ಬಾರಿ ಎತ್ತಿ ನಿಲ್ಲಿಸಿದರೆ ಅರ್ಧ ಗಂಟೆ ಸಾಕು. ಅಂದರೆ ಶ್ರಮವನ್ನು ಅರ್ಧಕ್ಕೆ ಇಳಿಸಿದರೆ ವಿಶ್ರಾಂತಿಯ ಅಗತ್ಯ ಕಾಲುಭಾಗಕ್ಕೆ ಇಳಿಯುತ್ತದೆ. ಕೊನೆಯ ಕೆಲವು ಎತ್ತುಗಳು ಉಳಿದೆಲ್ಲಕ್ಕಿಂತ ತುಟ್ಟಿಯವು.

ಬೆರಳಿನ ಸ್ನಾಯುವಿನ ಲೆಕ್ಕವನ್ನು ಇಡೀ ಬದುಕಿಗೆ ಅಂಕಿಗೆ ಅಂಕಿಯಾಗಿ ಅನ್ವಯಿಸಲಾಗದು. ಆದರೂ ಅದರ ದಿಕ್ಕು ಸ್ಪಷ್ಟ. ಸೋಲುವ ಮುನ್ನವೇ ನಿಂತವನು ಬೇಗ ಏಳುತ್ತಾನೆ. ಸೋತ ಮೇಲೆ ನಿಂತವನಿಗೆ ಏಳಲು ಬಹಳ ಹೊತ್ತು ಬೇಕು. ಆದ್ದರಿಂದ ವಿರಾಮವನ್ನು ಕೆಲಸದ ಬಹುಮಾನವೆಂದು ಕೊನೆಗೆ ಇಟ್ಟುಕೊಳ್ಳುವುದಕ್ಕಿಂತ ಕೆಲಸದ ಅಂಗವೆಂದು ನಡುನಡುವೆ ಹಂಚಿಕೊಳ್ಳುವುದು ಲಾಭಕರ. ಬರೆಯುವವರು ಒಂದು ಗಂಟೆಗೊಮ್ಮೆ ಐದು ನಿಮಿಷ ಎದ್ದು ನಡೆಯುವುದು, ಅಡುಗೆಮನೆಯಲ್ಲಿ ನಿಂತು ದುಡಿಯುವವರು ತರಕಾರಿ ಹೆಚ್ಚುವ ಕೆಲಸವನ್ನಾದರೂ ಕುಳಿತು ಮಾಡುವುದು, ಕಠಿಣವಾದ ಕೆಲಸವನ್ನು ಮೈಮನಸ್ಸು ಚುರುಕಾಗಿರುವ ಹೊತ್ತಿಗೆ ಇಟ್ಟುಕೊಂಡು ಯಾಂತ್ರಿಕವಾದ ಕೆಲಸವನ್ನು ಮಂದವಾದ ಹೊತ್ತಿಗೆ ಬಿಡುವುದು — ಇವೆಲ್ಲ ಖರ್ಚಿಲ್ಲದ ಉಪಾಯಗಳು.

4

ಯಾವ ಹೊತ್ತು ಚುರುಕು, ಯಾವ ಹೊತ್ತು ಮಂದ ಎಂಬುದು ಇಚ್ಛೆಯನ್ನಷ್ಟೇ ಅವಲಂಬಿಸಿಲ್ಲ. ದೇಹದ ಜೀವಕೋಶಗಳಲ್ಲಿ ದಿನಮಾನದ ಗಡಿಯಾರವೊಂದಿದೆ. ಅದರ ಕಾರ್ಯವಿಧಾನವನ್ನು ಶೋಧಿಸಿದ ಹಾಲ್, ರೋಸ್‌ಬಾಷ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರ ನೊಬೆಲ್ ಪಾರಿತೋಷಕ ದೊರೆಯಿತು. ಇದರ ಜೊತೆಗೆ, ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸಂಗ್ರಹವಾಗುತ್ತ ನಿದ್ರೆಯ ಒತ್ತಡವನ್ನು ಏರಿಸುತ್ತದೆ. ಚಹಾ ಮತ್ತು ಕಾಫಿಗಳಲ್ಲಿನ ಕೆಫೀನ್ ಈ ಅಡೆನೊಸಿನ್‌ನ ಸಂಕೇತವನ್ನು ಮಿದುಳಿಗೆ ಮುಟ್ಟದಂತೆ ತಡೆಯುತ್ತದೆ. ಎಂದರೆ, ಹೈದರಾಬಾದಿನ ಹೆಸರಾಂತ ಇರಾನಿ ಚಹಾ ಬಲವನ್ನು ಕೊಡುವುದಿಲ್ಲ. ಬಲ ತೀರಿದೆಯೆಂಬ ಸುದ್ದಿಯನ್ನು ಕೆಲಹೊತ್ತು ಮುಚ್ಚಿಡುತ್ತದೆ. ಕುಡಿದ ಕೆಫೀನಿನ ಅರ್ಧಾಂಶ ದೇಹದಿಂದ ಹೊರಹೋಗಲು ಸಾಮಾನ್ಯವಾಗಿ ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ನಿಲ್ದಾಣದ ಬಳಿ ಕುಡಿದ ಚಹಾದ ಅರ್ಧಭಾಗ ರಾತ್ರಿ ಹನ್ನೊಂದಕ್ಕೂ ಎಚ್ಚರವಾಗಿರುತ್ತದೆ, ಕುಡಿದವರೂ ಎಚ್ಚರವಾಗಿರುತ್ತಾರೆ. ವಯಸ್ಕರಿಗೆ ಕನಿಷ್ಠ ಏಳು ಗಂಟೆಗಳ ನಿದ್ರೆ ಬೇಕೆಂಬುದು ವೈದ್ಯರ ಒಮ್ಮತದ ಅಭಿಪ್ರಾಯ. ಆಹಾರದ ಜೊತೆಗೆ ನಿದ್ರೆಯನ್ನೂ ಜೀವದ ಆಧಾರಸ್ತಂಭಗಳಲ್ಲಿ ಒಂದೆಂದು ಚರಕಸಂಹಿತೆ ಎಣಿಸಿರುವುದನ್ನು ಇಲ್ಲಿ ನೆನೆಯಬಹುದು.

ಋತುಮಾನವೂ ಈ ಲೆಕ್ಕದೊಳಗೆ ಸೇರುತ್ತದೆ. ಮೇ ತಿಂಗಳಲ್ಲಿ ಹೈದರಾಬಾದಿನ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ. ಸೆಕೆಯಲ್ಲಿ ದೇಹವು ಚರ್ಮದ ಕಡೆಗೆ ಹೆಚ್ಚು ರಕ್ತವನ್ನು ಹರಿಸಿ, ಬೆವರು ಸುರಿಸಿ ತನ್ನನ್ನು ತಣಿಸಿಕೊಳ್ಳಬೇಕಾಗುತ್ತದೆ. ಅದೇ ಕೆಲಸಕ್ಕೆ ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. 2015ರ ಮೇ ತಿಂಗಳ ಬಿಸಿಗಾಳಿಗೆ ದೇಶದಲ್ಲಿ 2000ಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ಬಹುಪಾಲು ಆಂಧ್ರಪ್ರದೇಶ ಮತ್ತು ತೆಲಂಗಾಣದವರು. ಬಲದ ಮಿತವ್ಯಯ ಇಲ್ಲಿ ಸುಖದ ಪ್ರಶ್ನೆಯಾಗಿ ಉಳಿಯದೆ ಪ್ರಾಣದ ಪ್ರಶ್ನೆಯಾಗುತ್ತದೆ. ಹಗಲುನಿದ್ರೆಯನ್ನು ಸಾಮಾನ್ಯವಾಗಿ ನಿಷೇಧಿಸುವ ಆಯುರ್ವೇದವು ಗ್ರೀಷ್ಮ ಋತುವಿನಲ್ಲಿ ಅದಕ್ಕೆ ಅನುಮತಿ ನೀಡಿದೆ. ಪ್ರಯಾಣದಿಂದ ಬಳಲಿದವರಿಗೆ, ಮುದುಕರಿಗೆ, ದುರ್ಬಲರಿಗೆ ಬೇರೆ ಋತುಗಳಲ್ಲಿಯೂ ವಿನಾಯಿತಿ ಇದೆ. ಬಿಸಿಲೇರುವ ಮುನ್ನ ಹೊರಗಿನ ಕೆಲಸ ಮುಗಿಸುವುದು, ಬಾಯಾರುವ ಮೊದಲೇ ನೀರು ಕುಡಿಯುವುದು, ಉಪ್ಪು ಹಾಕಿದ ಮಜ್ಜಿಗೆ ಅಥವಾ ಅಂಬಲಿಯನ್ನು ಸೇವಿಸುವುದು ಹಿರಿಯರು ಅನುಭವದಿಂದ ಕಂಡುಕೊಂಡ ದಾರಿಗಳು. ಬಿಸಿಲಲ್ಲಿ ದುಡಿಯುವವನಿಗೆ ತಲೆಸುತ್ತು, ಗೊಂದಲ, ಅತಿಯಾದ ಮೈಬಿಸಿ ಕಂಡರೆ ಅದು ಆರಿಸಿಕೊಳ್ಳುವ ದಣಿವಲ್ಲ. ಕೂಡಲೇ ನೆರಳಿಗೆ ಕರೆತಂದು, ಮೈಗೆ ನೀರು ಹಾಕಿ ತಣಿಸುತ್ತ ಆಸ್ಪತ್ರೆಗೆ ಸಾಗಿಸಬೇಕು.

5

ಎಲ್ಲ ದಣಿವೂ ವಿಶ್ರಾಂತಿಯಿಂದ ಹೋಗುವಂಥದಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಚೆನ್ನಾಗಿ ನಿದ್ರಿಸಿ ಎದ್ದ ಮೇಲೆಯೂ ಬಳಲಿಕೆ ಹೋಗದಿದ್ದರೆ, ವಾರಗಟ್ಟಲೆ ಅದು ಮುಂದುವರಿದರೆ, ಅದರ ಹಿಂದೆ ರೋಗವಿರಬಹುದು. ಮೊದಲನೆಯ ಸಂಶಯ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57ರಷ್ಟು ಜನ ರಕ್ತಹೀನತೆಯಿಂದ ಬಳಲುತ್ತಿದ್ದರು. ಹಿಮೋಗ್ಲೋಬಿನ್ ಆಮ್ಲಜನಕವನ್ನು ಸಾಗಿಸುವ ವಾಹನ. ಅದು ಕಡಿಮೆಯಾದಾಗ ಮೆಟ್ಟಿಲು ಹತ್ತುವುದೂ ಬೆಟ್ಟ ಹತ್ತಿದಂತಾಗುತ್ತದೆ. ಇಂಥ ಹೆಣ್ಣುಮಗಳನ್ನು ‘ಚಟುವಟಿಕೆಯಿಲ್ಲದವಳು’ ಎಂದು ಮನೆಯವರು ಹಳಿದರೆ, ‘ಸುಸ್ತು’ ಎಂಬ ಪದದ ಅಪಾರ್ಥವೇ ಆ ಮನೆಯಲ್ಲಿ ಮತ್ತೆ ನಡೆದಂತಾಯಿತು.

ಊಟದ ಜೊತೆಗೆ ಅಥವಾ ಊಟದ ಬೆನ್ನಲ್ಲೇ ಕುಡಿಯುವ ಚಹಾ ಆಹಾರದಲ್ಲಿನ ಕಬ್ಬಿಣಾಂಶ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಅನಂತರ ಚಹಾ, ಕಾಫಿಗಳನ್ನು ತ್ಯಜಿಸಬೇಕೆಂದು ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ಹೇಳುತ್ತದೆ. ಜೋಳದ ರೊಟ್ಟಿ, ಬೇಳೆ, ಸೊಪ್ಪಿನ ಪಲ್ಯಗಳ ಊಟಕ್ಕೆ ನಿಂಬೆರಸವನ್ನು ಹಿಂಡಿಕೊಂಡರೆ ಕಬ್ಬಿಣಾಂಶದ ಹೀರಿಕೆ ಹೆಚ್ಚುತ್ತದೆ. ಮೆಹದಿಪಟ್ಟಣದ ರೈತು ಬಜಾರಿನಲ್ಲಿ ಸೊಪ್ಪೂ ನಿಂಬೆಯೂ ದೊರೆಯುತ್ತವೆ; ಇದಕ್ಕಾಗಿ ದುಬಾರಿ ಪುಷ್ಟಿಪುಡಿಗಳ ಅಗತ್ಯವಿಲ್ಲ. ಆದರೆ ರಕ್ತಹೀನತೆ ತೀವ್ರವಾಗಿದ್ದರೆ ಆಹಾರವೊಂದೇ ಸಾಲದು. ವೈದ್ಯರ ಸಲಹೆಯಂತೆ ಮಾತ್ರೆ ಸೇವಿಸಬೇಕು. ಥೈರಾಯ್ಡ್ ಗ್ರಂಥಿಯ ಮಂದತೆ, ಸಕ್ಕರೆ ಕಾಯಿಲೆ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ — ಇವೆಲ್ಲವೂ ಮೊದಲು ದಣಿವಿನ ವೇಷದಲ್ಲಿಯೇ ಕಾಣಿಸಿಕೊಳ್ಳಬಹುದು. ಇವುಗಳಿಗೆ ಬೇಕಾದದ್ದು ಉಪದೇಶವಲ್ಲ, ಚಿಕಿತ್ಸೆ.

6

ಕೊನೆಗೆ ಉಳಿಯುವುದು ಒಂದು ಕಠಿಣವಾದ ಪ್ರಶ್ನೆ. ಅರ್ಧಶಕ್ತಿಯಲ್ಲಿ ನಿಲ್ಲಿಸುವ ಸ್ವಾತಂತ್ರ್ಯ ಯಾರಿಗಿದೆ? ವಾಗ್ಭಟನ ದಿನಚರಿ ತನ್ನ ದಿನದ ಮೇಲೆ ಅಧಿಕಾರವುಳ್ಳವನಿಗೆ ಸುಲಭ. ಆದರೆ ನಾಲ್ಕು ಮನೆಗಳ ಪಾತ್ರೆ ತೊಳೆಯುವವಳಿಗೆ, ಬಿಸಿಲಲ್ಲಿ ಗಾರೆ ಹೊರುವವನಿಗೆ ದಿನದ ಅಳತೆಯನ್ನು ಬೇರೆಯವರು ನಿಗದಿಪಡಿಸುತ್ತಾರೆ. 2019ರ ರಾಷ್ಟ್ರೀಯ ಸಮಯಬಳಕೆ ಸಮೀಕ್ಷೆಯಂತೆ, ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಕೊಟ್ಟರೆ, ಅದರಲ್ಲಿ ತೊಡಗುವ ಪುರುಷರು ಕೊಟ್ಟದ್ದು 97 ನಿಮಿಷ. ನಿಲ್ದಾಣದಲ್ಲಿ ದಣಿದು ನಿಂತವರು ಗಂಡಸರೂ ಹೌದು, ಹೆಂಗಸರೂ ಹೌದು. ಆದರೆ ಮನೆ ತಲುಪಿದ ಮೇಲೆ ಒಬ್ಬರ ದಿನ ಮುಗಿಯುತ್ತದೆ, ಮತ್ತೊಬ್ಬರ ಎರಡನೆಯ ಪಾಳಿ ಆರಂಭವಾಗುತ್ತದೆ. ಆದುದರಿಂದ ಬಲದ ಆಯವ್ಯಯ ಕೇವಲ ವ್ಯಕ್ತಿಯ ಲೆಕ್ಕವಲ್ಲ. ಅದು ಮನೆಯ ಲೆಕ್ಕ. ಮನೆಯಲ್ಲಿ ಒಬ್ಬರು ಅರ್ಧಶಕ್ತಿಯಲ್ಲಿ ನಿಲ್ಲಬೇಕಾದರೆ ಉಳಿದರ್ಧವನ್ನು ಇನ್ನೊಬ್ಬರು ಹೊರಬೇಕು. ರಾತ್ರಿಯ ಊಟದ ಪಾತ್ರೆಗಳನ್ನು ಗಂಡನೋ ಮಗನೋ ತೊಳೆದರೆ, ಅದು ಆ ಮನೆಯ ಹೆಣ್ಣುಮಗಳಿಗೆ ಯಾವ ಟಾನಿಕ್ಕೂ ಕೊಡಲಾರದ ಅರ್ಧಗಂಟೆಯ ನಿದ್ರೆಯನ್ನು ಕೊಡುತ್ತದೆ.

ದುಡಿಮೆಗೆ ಅತ್ಯುನ್ನತ ಗೌರವ ಕೊಟ್ಟ ಶರಣರ ಪರಂಪರೆಯಲ್ಲಿ ಈ ವಿಚಾರಕ್ಕೆ ಒಂದು ಉಜ್ಜ್ವಲವಾದ ದೃಷ್ಟಾಂತವಿದೆ. ಕಾಯದಿಂದ ಮಾಡುವುದು ಕಾಯಕ; ಕಾಯವೇ ಕುಸಿದರೆ ಕಾಯಕಕ್ಕೆ ನೆಲೆಯಿಲ್ಲ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದರು. ಅಲ್ಲಮಪ್ರಭುವಿನೊಡನೆ ಮಾತಿನಲ್ಲಿ ಮೈಮರೆತ ಮಾರಯ್ಯನನ್ನು ಕಾಯಕಕ್ಕೆ ಹೊತ್ತಾಯಿತೆಂದು ಎಚ್ಚರಿಸಿ ಕಳಿಸಿದವಳು ಲಕ್ಕಮ್ಮ. ಮತ್ತೊಂದು ದಿನ ಆತ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದವಳೂ ಅವಳೇ. ಎರಡನೆಯ ಪ್ರಸಂಗವನ್ನು ದುರಾಸೆಯ ನಿರಾಕರಣೆಯೆಂದು ವಿದ್ವಾಂಸರು ವಿವರಿಸುತ್ತ ಬಂದಿದ್ದಾರೆ, ಅದು ಸರಿಯೇ. ಆದರೆ ಎರಡೂ ಪ್ರಸಂಗಗಳನ್ನು ಒಟ್ಟಿಗೆ ಓದಿದಾಗ ಇನ್ನೊಂದು ಅರ್ಥ ಹೊಳೆಯುತ್ತದೆ. ಕೆಲಸವನ್ನು ಮರೆತವನಿಗೆ ಏಳು ಎಂದವಳೂ, ಅಳತೆಯನ್ನು ಮರೆತವನಿಗೆ ಸಾಕು ಎಂದವಳೂ ಒಬ್ಬಳೇ. ಸೋಮಾರಿತನ ಬೇರೆ, ದಣಿವು ಬೇರೆ ಎಂದು ಅರಿತವರು ಮಾತ್ರ ಈ ಎರಡು ಮಾತುಗಳನ್ನೂ ತಕ್ಕ ಹೊತ್ತಿನಲ್ಲಿ ಆಡಬಲ್ಲರು.

ಮೆಹದಿಪಟ್ಟಣದ ನಿಲ್ದಾಣದಲ್ಲಿ ‘ಸುಸ್ತು’ ಎಂದವಳಿಗೆ ಬೇಕಾಗಿರುವುದು ಈ ವಿವೇಕವೇ. ಆಕೆಯ ಮಾತನ್ನು ಉರ್ದುವಿನ ಅರ್ಥದಲ್ಲಿ ಕೇಳದೆ ಕನ್ನಡದ ಅರ್ಥದಲ್ಲಿ ಕೇಳುವ ಕಿವಿ ಮನೆಯಲ್ಲಿದ್ದರೆ, ಆಕೆಯ ದಣಿವು ಅರ್ಧಕ್ಕರ್ಧ ಅಲ್ಲಿಯೇ ಆರುತ್ತದೆ; ಉಳಿದರ್ಧವನ್ನು ನಿದ್ರೆ ಆರಿಸುತ್ತದೆ.